ನೌಕರ ಮನ್ನಣೆ ಮತ್ತು ಬಹುಮಾನ ತಂತ್ರಾಂಶ

ನೌಕರ ಮನ್ನಣೆ ಮತ್ತು ಬಹುಮಾನ ತಂತ್ರಾಂಶವು ಒಂದು ಸಂಸ್ಥೆಯಲ್ಲಿ ದುಡಿಯುವವರ ಉತ್ತಮ ಕೆಲಸವನ್ನು ಗುರುತಿಸಿ ದಾಖಲಿಸಲು, ಮೆಚ್ಚುಗೆಯನ್ನು ಅವರಿಗೆ ತಿಳಿಸಲು ಹಾಗೂ ಅದಕ್ಕೆ ಪ್ರತಿಯಾಗಿ ಅಂಕ, ಉಡುಗೊರೆ ಚೀಟಿ ಅಥವಾ ವಸ್ತುರೂಪದ ಬಹುಮಾನವನ್ನು ಹಂಚಲು ಬಳಸುವ ಗಣಕ ತಂತ್ರಾಂಶವಾಗಿದೆ. ಬೆಂಗಳೂರಿನಂಥ ನಗರಗಳ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ಇದರ ಬಳಕೆ ಸಾಮಾನ್ಯವಾಗಿದ್ದು, ಸಹಕಾರಿ ಸಂಘ, ಶಿಕ್ಷಣ ಸಂಸ್ಥೆ, ಆಸ್ಪತ್ರೆ ಮೊದಲಾದ ಸಣ್ಣ ಊರುಗಳ ಉದ್ಯೋಗದಾತರಿಗೂ ಈಗ ಇಂಥ ತಂತ್ರಾಂಶಗಳು ದೊರೆಯುತ್ತವೆ. ಅವುಗಳ ಆಯ್ಕೆಯಲ್ಲಿ ಗಮನಿಸಬೇಕಾದ ಸಂಗತಿಗಳು ನಗರದ ಕಚೇರಿಗೂ ಮಲೆನಾಡಿನ ಸಂಘಕ್ಕೂ ಒಂದೇ ಅಲ್ಲ. ಈ ಲೇಖನವು ತಂತ್ರಾಂಶದ ಸ್ವರೂಪವನ್ನೂ, ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸಹಕಾರಿ ಸಂಸ್ಥೆಗಳಂಥ ಕೆಲಸದ ಸ್ಥಳಗಳಲ್ಲಿ ಅದನ್ನು ಆಯ್ದುಕೊಳ್ಳುವ ಬಗೆಯನ್ನೂ ವಿವರಿಸುತ್ತದೆ.

ಹೆಸರು ಮತ್ತು ವ್ಯಾಪ್ತಿ

ಮನ್ನಣೆ, ಬಹುಮಾನ ಮತ್ತು ಬೋನಸ್ ಎಂಬ ಮೂರು ಪದಗಳನ್ನು ವ್ಯವಹಾರದಲ್ಲಿ ಬೆರೆಸಿ ಬಳಸುವುದುಂಟು. ಮನ್ನಣೆಯೆಂದರೆ ಮಾಡಿದ ಕೆಲಸವನ್ನು ಕಂಡು, ಕಂಡದ್ದನ್ನು ಹೇಳುವುದು. ಅದಕ್ಕೆ ಹಣ ಬೇಕಿಲ್ಲ. ಬಹುಮಾನಕ್ಕೆ ಬೆಲೆಯಿದೆ, ಆದರೆ ಅದು ಕೊಡುವವರ ಇಷ್ಟಕ್ಕೆ ಬಿಟ್ಟದ್ದು. ಬೋನಸ್ ಇವೆರಡೂ ಅಲ್ಲ. 1965ರ ಬೋನಸ್ ಪಾವತಿ ಕಾಯ್ದೆಯಿಂದ ಅದು ಕಾನೂನಿನ ಹಕ್ಕಾಯಿತು. ಆ ಕಾಯ್ದೆಯ ಅಂಶಗಳನ್ನು ಒಳಗೊಂಡ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಅರ್ಹ ನೌಕರರಿಗೆ ವೇತನದ ಕನಿಷ್ಠ ಶೇ. 8.33, ಗರಿಷ್ಠ ಶೇ. 20 ಬೋನಸ್ ಕೊಡಬೇಕೆಂಬುದು ಇದರ ಸಾರ. ಕೊಡಲೇಬೇಕಾದ ಈ ಬೋನಸ್ಸನ್ನೇ ತಂತ್ರಾಂಶದ ಅಂಕಗಳಾಗಿ ಬದಲಿಸಿ ‘ಬಹುಮಾನ’ವೆಂದು ಹಂಚಲು ಬರುವುದಿಲ್ಲ. ಹೊಸ ವ್ಯವಸ್ಥೆಯನ್ನು ತರುವ ಆಡಳಿತ ಮಂಡಳಿಗಳು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಾದ ವ್ಯತ್ಯಾಸವಿದು.

ಹಳ್ಳಿಯ ಮಾತಿನಲ್ಲಿ ಇನಾಮು, ಖುಷಿ, ಬಕ್ಷೀಸು ಎಂಬ ಪದಗಳಿವೆ. ಇವು ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ ಎಂಬ ಭಾವವನ್ನು ಹೊತ್ತಿರುವುದರಿಂದ ಸಂಸ್ಥೆಗಳ ಬರವಣಿಗೆಯಲ್ಲಿ ಮನ್ನಣೆ, ಪುರಸ್ಕಾರ ಎಂಬ ಪದಗಳೇ ಹೆಚ್ಚು ಒಪ್ಪಿತವಾಗಿವೆ.

ಹಿನ್ನೆಲೆ

ಸೇವೆಯನ್ನು ಗುರುತಿಸಿ ಅದನ್ನು ಬರೆದಿಡುವ ಪದ್ಧತಿ ಕನ್ನಡ ನಾಡಿನಲ್ಲಿ ಲಿಪಿಯಷ್ಟೇ ಹಳೆಯದು. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನವು ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ‘ಬಾಳ್ಗಳ್ಚು’ ಎಂಬ ವೀರಮನ್ನಣೆಯಾಗಿ ಕೊಟ್ಟ ಸಂಗತಿಯನ್ನು ದಾಖಲಿಸುತ್ತದೆ. ಅದರಲ್ಲಿ ಬರುವ ಕದಂಬ ಅರಸರ ರಾಜಧಾನಿ ಬನವಾಸಿಯು ಇಂದಿನ ಶಿರಸಿ ತಾಲ್ಲೂಕಿನಲ್ಲಿದೆ. ಯಾರಿಗೆ, ಯಾವ ಕೆಲಸಕ್ಕೆ, ಏನು, ಯಾರ ಸಾಕ್ಷಿಯಲ್ಲಿ ಕೊಡಲಾಯಿತು ಎಂಬುದನ್ನು ಕಲ್ಲಿನ ಮೇಲೆ ಬರೆಸಿದ್ದರಿಂದ ಮುಂದೆ ವಿವಾದಕ್ಕೆ ಎಡೆಯಿರುತ್ತಿರಲಿಲ್ಲ. ಇಂದಿನ ತಂತ್ರಾಂಶವು ಇಟ್ಟುಕೊಳ್ಳುವ ದಾಖಲೆಯ ಅಂಕಣಗಳೂ ಬಹುಮಟ್ಟಿಗೆ ಇವೇ.

ಆಧುನಿಕ ಉದ್ದಿಮೆಗಳಲ್ಲಿ ದೀರ್ಘ ಸೇವೆಗೆ ಪದಕ, ಕೈಗಡಿಯಾರ ಕೊಡುವುದು ರೂಢಿಯಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಕಾರ್ಖಾನೆಯ ಗಡಿಯಾರಗಳು ನಿವೃತ್ತಿಯ ಉಡುಗೊರೆಯಾಗಿ ರಾಜ್ಯದ ಅಸಂಖ್ಯ ಮನೆಗಳನ್ನು ಸೇರಿದವು. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ ಹಾಗೂ ಓದಿ ಅರ್ಪಿಸುವ ಬಿನ್ನವತ್ತಳೆ ಇಂದಿಗೂ ಸಂಘಸಂಸ್ಥೆಗಳ ಸನ್ಮಾನದ ಮುಖ್ಯ ಅಂಗಗಳಾಗಿವೆ. ಇದಕ್ಕಿಂತ ಬೇರೆಯದಾದ ದಾರಿಯನ್ನು ಇನ್ಫೋಸಿಸ್ ಸಂಸ್ಥೆ ಹಿಡಿಯಿತು. 1994ರ ನೌಕರರ ಷೇರು ಯೋಜನೆಯ ಮೂಲಕ ಅದು ಒಡೆತನದ ಒಂದು ಪಾಲನ್ನೇ ನೌಕರರಿಗೆ ಹಂಚಿತು.

ಸರ್ಕಾರಿ ವಲಯದಲ್ಲಿ ರಾಜ್ಯ ಸಾರಿಗೆ ನಿಗಮಗಳ ಪದಕಗಳು ಹೆಚ್ಚು ಪರಿಚಿತ. ಅಪಘಾತವಿಲ್ಲದೆ ಐದು ವರ್ಷ ಬಸ್ಸು ಓಡಿಸಿದ ಚಾಲಕರಿಗೆ ಬೆಳ್ಳಿಯ ಪದಕ, 15 ವರ್ಷ ಓಡಿಸಿದವರಿಗೆ ಚಿನ್ನದ ಪದಕ ನೀಡಲಾಗುತ್ತದೆ. ಘಟ್ಟದ ತಿರುವುಗಳಲ್ಲಿ ಮಳೆಗಾಲವಿಡೀ ಬಸ್ಸು ನಡೆಸುವ ಉತ್ತರ ಕನ್ನಡದ ಚಾಲಕರಿಗೆ, 1997ರಲ್ಲಿ ಸ್ಥಾಪನೆಯಾದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದಿಂದ, ಈ ಪದಕ ದೊರೆಯುತ್ತದೆ. ಇದರ ಮಾನದಂಡವು ಒಂದೇ ವಾಕ್ಯದಲ್ಲಿ ಹೇಳಬಹುದಾದದ್ದು, ಯಾರೂ ಪರಿಶೀಲಿಸಬಹುದಾದದ್ದು. ತಂತ್ರಾಂಶವಿಲ್ಲದೆಯೂ ಇದು ದಶಕಗಳ ಕಾಲ ನಡೆದು ಬಂದಿರುವುದನ್ನು ಆಯ್ಕೆಯ ಚರ್ಚೆಯಲ್ಲಿ ನೆನಪಿಡಬೇಕು. ಸರ್ಕಾರಿ ನೌಕರರಿಗೆ ರಾಜ್ಯ ಹಾಗೂ ಜಿಲ್ಲಾ ಮಟ್ಟದಲ್ಲಿ ಸರ್ವೋತ್ತಮ ಸೇವಾ ಪ್ರಶಸ್ತಿಯಿದೆ. 2012ರಲ್ಲಿ ಆರಂಭವಾದ ಸಕಾಲ ಯೋಜನೆಯು ಗಣಕದ ಲೆಕ್ಕವನ್ನು ಹಿಮ್ಮುಖವಾಗಿ ಬಳಸಿದ ಉದಾಹರಣೆಯಾಗಿದೆ: ನಿಗದಿತ ಅವಧಿಯಲ್ಲಿ ಸೇವೆ ಸಿಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಸಲ್ಲಬೇಕು.

ಈ ವಲಯದ ಜಾಗತಿಕ ಸಂಸ್ಥೆಗಳಲ್ಲಿ 1927ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಆರಂಭವಾದ ಓ.ಸಿ. ಟ್ಯಾನರ್ ಹಾಗೂ 1999ರಲ್ಲಿ ಗ್ಲೋಬೊಫೋರ್ಸ್ ಎಂಬ ಹೆಸರಿನಿಂದ ಐರ್ಲೆಂಡಿನಲ್ಲಿ ಹುಟ್ಟಿದ ವರ್ಕ್‌ಹ್ಯೂಮನ್ ಪ್ರಮುಖವಾದವು. ಭಾರತದಲ್ಲಿ ಬೆಂಗಳೂರಿನ ಜೋಕ್ಸೋಡೇ, ಗುವಾಹಟಿಯಲ್ಲಿ ಬೆಳೆದ ವಾಂಟೇಜ್ ಸರ್ಕಲ್ ಮೊದಲಾದವು ಇದೇ ಕ್ಷೇತ್ರದಲ್ಲಿವೆ. ವೇತನ ಮತ್ತು ಹಾಜರಾತಿಯ ತಂತ್ರಾಂಶಗಳಲ್ಲಿಯೂ ಮೆಚ್ಚುಗೆ ಸೂಚಿಸುವ ಒಂದು ಸಣ್ಣ ಭಾಗವನ್ನು ಸೇರಿಸುವುದು ಈಗ ಕಂಡುಬರುತ್ತದೆ.

ಕೆಲಸ ಮಾಡುವ ಬಗೆ

ಇಂಥ ತಂತ್ರಾಂಶದ ತಳದಲ್ಲಿ ನೌಕರರ ಹೆಸರುಪಟ್ಟಿ ಇರುತ್ತದೆ. ಪಟ್ಟಿಯಲ್ಲಿರುವ ಒಬ್ಬರು ಇನ್ನೊಬ್ಬರ ಕೆಲಸವನ್ನು ಮೆಚ್ಚಿ ನಾಲ್ಕು ಸಾಲು ಬರೆಯುತ್ತಾರೆ, ಬೇಕಿದ್ದರೆ ಅಂಕಗಳನ್ನು ಕೊಡುತ್ತಾರೆ. ಅದು ಎಲ್ಲರಿಗೂ ಕಾಣುವ ಫಲಕದಲ್ಲಿ ಪ್ರಕಟವಾಗುತ್ತದೆ. ಮೇಲಧಿಕಾರಿ ಕೆಳಗಿನವರನ್ನು ಮೆಚ್ಚುವುದು ಒಂದು ಬಗೆ, ಸಹೋದ್ಯೋಗಿಗಳು ಪರಸ್ಪರ ಮೆಚ್ಚುವುದು ಇನ್ನೊಂದು ಬಗೆ. ಸೇವೆಗೆ ಸೇರಿದ ದಿನ, ಹತ್ತು ವರ್ಷ ತುಂಬಿದ ದಿನ ಮುಂತಾದವನ್ನು ತಂತ್ರಾಂಶವೇ ನೆನಪಿಸುತ್ತದೆ. ಕೂಡಿದ ಅಂಕಗಳನ್ನು ನೌಕರರು ಅದರೊಳಗಿನ ಪಟ್ಟಿಯಿಂದ ಉಡುಗೊರೆ ಚೀಟಿಯಾಗಿಯೋ ವಸ್ತುವಾಗಿಯೋ ಬದಲಿಸಿಕೊಳ್ಳಬಹುದು. ಆಡಳಿತಕ್ಕೆ ವೆಚ್ಚದ ಮಿತಿ, ಅನುಮೋದನೆಯ ಹಂತ, ವರದಿ ಇತ್ಯಾದಿ ಸೌಲಭ್ಯಗಳಿರುತ್ತವೆ. ಬಹುತೇಕ ತಂತ್ರಾಂಶಗಳು ಮಾರಾಟಗಾರರ ಸರ್ವರ್‌ನಲ್ಲಿದ್ದು, ಬಳಸುವವರು ಜಾಲತಾಣ ಅಥವಾ ಮೊಬೈಲ್ ಆ್ಯಪ್ ಮೂಲಕ ಪ್ರವೇಶಿಸುತ್ತಾರೆ.

ಇಷ್ಟರಮಟ್ಟಿಗೆ ಎಲ್ಲ ತಂತ್ರಾಂಶಗಳೂ ಒಂದನ್ನೊಂದು ಹೋಲುತ್ತವೆ. ಮಾರಾಟಗಾರರು ತೋರಿಸುವ ಬಣ್ಣದ ಫಲಕಗಳನ್ನು ಹೋಲಿಸಿ ಆಯ್ಕೆ ಮಾಡುವುದರಿಂದ ಪ್ರಯೋಜನ ಕಡಿಮೆ.

ಹೆಸರುಪಟ್ಟಿಯ ಪ್ರಶ್ನೆ

ತಂತ್ರಾಂಶಕ್ಕೆ ಕಾಣುವುದು ತನ್ನ ಪಟ್ಟಿಯಲ್ಲಿ ಹೆಸರಿರುವವರು ಮಾತ್ರ. ಆದ್ದರಿಂದ ಆಯ್ಕೆಯ ಮೊದಲ ಹೆಜ್ಜೆ ಮಾರಾಟಗಾರರ ಪಟ್ಟಿಯಲ್ಲ, ದುಡಿಯುವವರ ಪಟ್ಟಿ. ನಗರದ ಕಚೇರಿಯಲ್ಲಿ ಪ್ರತಿಯೊಬ್ಬರಿಗೂ ಇಮೇಲ್ ವಿಳಾಸ, ಗಣಕ ಇರುವುದರಿಂದ ಈ ಪ್ರಶ್ನೆ ಏಳುವುದು ಕಡಿಮೆ. (ಅಲ್ಲಿಯೂ ಕಾವಲುಗಾರರು, ಸ್ವಚ್ಛತೆಯವರು, ಕ್ಯಾಂಟೀನಿನವರು ಗುತ್ತಿಗೆದಾರರ ನೌಕರರೆಂಬ ಕಾರಣಕ್ಕೆ ಸಾಮಾನ್ಯವಾಗಿ ಪಟ್ಟಿಯ ಹೊರಗಿರುತ್ತಾರೆ.)

ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿಯಂಥ ಅಡಿಕೆ ತೋಟಗಳ ಊರುಗಳಲ್ಲಿ ಸಂಬಳ ಕೊಡುವ ಸಂಸ್ಥೆಯೆಂದರೆ ಬಹುಮಟ್ಟಿಗೆ ಶಾಲೆ, ಸರ್ಕಾರಿ ಕಚೇರಿ, ಇಲ್ಲವೇ ಸೇವಾ ಸಹಕಾರಿ ಸಂಘ. ಜನರ ಮಾತಿನಲ್ಲಿ ‘ಸೊಸೈಟಿ’ ಎನಿಸಿಕೊಳ್ಳುವ ಇಂಥ ಸಂಘಗಳ ಕೆಲಸ ಬಗೆಬಗೆಯದು. ಬೆಳೆಸಾಲ, ಠೇವಣಿ, ಪಡಿತರ, ರಸಗೊಬ್ಬರ, ಕಿರಾಣಿ, ಕೆಲವೆಡೆ ಅಡಿಕೆ ವಹಿವಾಟು. ಮುಖ್ಯ ಕಾರ್ಯನಿರ್ವಾಹಕರು, ಗುಮಾಸ್ತರು ಮೇಜಿನ ಮುಂದೆ ಕುಳಿತಿದ್ದರೆ, ಮಾರಾಟ ವಿಭಾಗದವರು ತಕ್ಕಡಿಯ ಹಿಂದೆ ನಿಂತಿರುತ್ತಾರೆ. ಪಿಗ್ಮಿ ಸಂಗ್ರಾಹಕರು ಮನೆಯಿಂದ ಮನೆಗೆ, ಅಂಗಡಿಯಿಂದ ಅಂಗಡಿಗೆ ತಿರುಗುತ್ತಾರೆ. ಮೂಟೆ ಹೊರುವ ಹಮಾಲರು ದಿನದ ಲೆಕ್ಕದವರು. ತಾಲ್ಲೂಕು ಕೇಂದ್ರಗಳ ಮಾರಾಟ ಸಂಘಗಳಲ್ಲಿ, ಉದಾಹರಣೆಗೆ 1923ರಲ್ಲಿ ಶಿರಸಿಯಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯಂಥ ದೊಡ್ಡ ಸಂಸ್ಥೆಗಳಲ್ಲಿ, ಅಡಿಕೆಯ ವ್ಯಾಪಾರವೇ ಪ್ರಧಾನ ವ್ಯವಹಾರವಾಗಿ ಬೆಳೆದಿದೆ.

ಅಡಿಕೆಯ ದರ ನಿಲ್ಲುವುದು ವರ್ಗೀಕರಣದ ಮೇಲೆ. ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಬೇರ್ಪಡುವ ಮಾಲಿನಲ್ಲಿ ಆರಿಸುವವರ ಕಣ್ಣು ತಪ್ಪಿದರೆ ಬೆಳೆಗಾರರಿಗೆ ನಷ್ಟ, ಸಂಘಕ್ಕೆ ಅಪನಂಬಿಕೆ. ಈ ಕೆಲಸವನ್ನು ಮಾಡುವವರಲ್ಲಿ ಮಹಿಳೆಯರು ಬಹಳ, ಅವರ ಕೂಲಿ ದಿನದ ಅಥವಾ ತೂಕದ ಲೆಕ್ಕದಲ್ಲಿರುತ್ತದೆ. ಖಾಯಂ ನೌಕರರಲ್ಲದ ಕಾರಣ ಅವರ ಹೆಸರು ವೇತನಪಟ್ಟಿಯಲ್ಲಿ ಬರುವುದಿಲ್ಲ. ತಂತ್ರಾಂಶಕ್ಕೆ ವೇತನಪಟ್ಟಿಯನ್ನೇ ನೇರವಾಗಿ ತುಂಬಿದರೆ ಅಲ್ಲಿಯೂ ಬರುವುದಿಲ್ಲ. ತಲೆಯೆಣಿಕೆಯ ಮೇಲೆ ಶುಲ್ಕ ವಿಧಿಸುವ ಪದ್ಧತಿಯಲ್ಲಿ ಅವರನ್ನು ಹೊರಗಿಡುವುದೇ ಮಿತವ್ಯಯವೆಂದು ಕಾಣುತ್ತದೆ. ಹೀಗೆ ಸಂಘದ ಹೆಸರನ್ನು ಕಾಯುವ ಕೆಲಸ ಮಾಡಿದವರೇ ಮನ್ನಣೆಯ ಫಲಕದಲ್ಲಿ ಇಲ್ಲದಂತಾಗುವ ಸಾಧ್ಯತೆಯಿದೆ. ಮನ್ನಣೆಯ ವ್ಯವಸ್ಥೆಯೇ ಇಲ್ಲದ ಸಂಸ್ಥೆಯಲ್ಲಿ ಯಾರೂ ಹೊರಗಿನವರಲ್ಲ. ಅರ್ಧ ಜನರಿಗೆ ಮಾತ್ರ ಇರುವ ವ್ಯವಸ್ಥೆಯು ಉಳಿದರ್ಧಕ್ಕೆ ಅವರ ಸ್ಥಾನವನ್ನು ತಿಂಗಳು ತಿಂಗಳೂ ನೆನಪಿಸುತ್ತದೆ. ಈ ಕಾರಣದಿಂದ, ಎಲ್ಲರನ್ನೂ ಒಳಗೊಳ್ಳಲು ಸಾಧ್ಯವಾಗದ ತಂತ್ರಾಂಶವನ್ನು ಅದರ ಉಳಿದ ಗುಣಗಳು ಎಷ್ಟೇ ಇದ್ದರೂ ಕೈಬಿಡುವುದು ಯುಕ್ತ.

ಒಳಗೊಳ್ಳಲು ದಾರಿಗಳಿವೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಸಾಮಾನ್ಯ ಮೊಬೈಲಿಗೆ ಬರುವ ಎಸ್ಸೆಮ್ಮೆಸ್ ಅಥವಾ ಧ್ವನಿಕರೆ, ಕಚೇರಿಯ ಗೋಡೆಯ ಮೇಲೆ ಮುದ್ರಿಸಿ ಅಂಟಿಸಬಹುದಾದ ವಾರದ ಪುಟ, ಇನ್ನೊಬ್ಬರ ಪರವಾಗಿ ಮೇಲ್ವಿಚಾರಕರು ನಮೂದಿಸುವ ಅವಕಾಶ. ಇವು ತಂತ್ರಾಂಶದಲ್ಲಿ ಇವೆಯೇ ಎಂದು ಕೇಳಬೇಕು. ಎಸ್ಸೆಮ್ಮೆಸ್ ಕಳುಹಿಸುವುದಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ ಕಳುಹಿಸುವವರ ಹೆಸರು ಮತ್ತು ಸಂದೇಶದ ಮಾದರಿಯ ನೋಂದಣಿ ಅಗತ್ಯ. ಮಾರಾಟಗಾರರೇ ಅದನ್ನು ನೋಡಿಕೊಳ್ಳುತ್ತಾರೆಯೇ ಎಂಬುದು ಮುಂಚೆಯೇ ತಿಳಿದಿರಬೇಕು. ಆಷಾಢ, ಶ್ರಾವಣದ ಮಳೆಯಲ್ಲಿ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕೈಕೊಡುವ ಊರುಗಳಲ್ಲಿ ಸಂಪರ್ಕವಿಲ್ಲದಾಗ ಬರೆದದ್ದನ್ನು ಉಳಿಸಿಕೊಂಡು ಬಳಿಕ ಕಳುಹಿಸುವ ಗುಣ ಅಲಂಕಾರವಲ್ಲ, ಅವಶ್ಯಕತೆ.

ಕನ್ನಡದ ಬಳಕೆ

ಮೂರು ತಾಲ್ಲೂಕುಗಳ ಜನರ ಮನೆಮಾತು ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಹೀಗೆ ಬೇರೆಬೇರೆಯಾಗಿದ್ದರೂ ಸಂಘಗಳ ಬರವಣಿಗೆಯ ಭಾಷೆ ಕನ್ನಡವೇ ಆಗಿದೆ. ‘ಕನ್ನಡ ಲಭ್ಯ’ ಎಂದು ಮಾರಾಟಗಾರರು ಹೇಳಿದಾಗ ಅದರ ಅರ್ಥ ಗುಂಡಿಗಳ ಮೇಲಿನ ಪದಗಳು ಕನ್ನಡದಲ್ಲಿವೆ ಎಂದಷ್ಟೇ ಇರಬಹುದು. ಸಂದೇಶವನ್ನು ಕನ್ನಡದಲ್ಲಿ ಬರೆಯಲು, ಹುಡುಕಲು, ವರದಿಯಲ್ಲಿ ಪಡೆಯಲು, ಪ್ರಮಾಣಪತ್ರದಲ್ಲಿ ಮುದ್ರಿಸಲು ಬರುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ಪರೀಕ್ಷೆ ಸುಲಭ. ಲಕ್ಷ್ಮೀ, ಕೃಷ್ಣ, ತಿಮ್ಮಣ್ಣ, ಸತ್ಯನಾರಾಯಣ, ವಿಘ್ನೇಶ್ವರ ಎಂಬಂಥ ಹೆಸರುಗಳನ್ನು ತುಂಬಿ ಪಿ.ಡಿ.ಎಫ್. ಪ್ರಮಾಣಪತ್ರವನ್ನು ಮುದ್ರಿಸಿ ನೋಡಿದರೆ ಸಾಕು. ಪರದೆಯ ಮೇಲೆ ಸರಿಯಾಗಿ ಕಾಣುವ ಒತ್ತಕ್ಷರಗಳು ಮುದ್ರಣದಲ್ಲಿ ಬಿಡಿಬಿಡಿಯಾಗಿ, ಅರ್ಧಾಕ್ಷರದ ಗುರುತಿನೊಂದಿಗೆ ಬರುವುದು ಸಾಮಾನ್ಯ ದೋಷ. ಪಿ.ಡಿ.ಎಫ್. ತಯಾರಿಸುವ ಭಾಗಕ್ಕೆ ಭಾರತೀಯ ಲಿಪಿಗಳ ಅಕ್ಷರಜೋಡಣೆ ತಿಳಿಯದಿರುವುದೇ ಇದಕ್ಕೆ ಕಾರಣ. ಇಪ್ಪತ್ತು ವರ್ಷ ದುಡಿದವರಿಗೆ ಅವರ ಹೆಸರನ್ನೇ ಒಡೆದು ಬರೆದ ಪ್ರಮಾಣಪತ್ರ ಕೊಡುವುದಕ್ಕಿಂತ ಕೊಡದಿರುವುದು ಮೇಲು. ಹಳೆಯ ಸದಸ್ಯಪಟ್ಟಿ, ನೌಕರರ ಪಟ್ಟಿಗಳು ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿದ್ದರೆ ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಇಲ್ಲವಾದರೆ ಹೊಸ ತಂತ್ರಾಂಶದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಸಂಕೇತಗಳಷ್ಟೇ ಹಿಡಿಯುತ್ತವೆ. ಗುಣಿತ, ಒತ್ತುಗಳು ಬೇರೆ ಸಂಕೇತಗಳಾಗಿ ಎಣಿಕೆಗೆ ಬರುವುದರಿಂದ ಸಂದೇಶದ ವೆಚ್ಚ ಎರಡು ಮೂರು ಪಟ್ಟಾಗಬಹುದು.

ಯಂತ್ರಾನುವಾದದ ಮೆಚ್ಚುಗೆಯ ಮಾತುಗಳಲ್ಲಿ ಇನ್ನೊಂದು ತೊಡಕಿದೆ. ಏಕವಚನ, ಬಹುವಚನಗಳ ಗೌರವಭೇದವನ್ನು ಅರಿಯದ ತಂತ್ರಾಂಶವು ಹಿರಿಯ ಗುಮಾಸ್ತರನ್ನು ‘ನೀನು’ ಎಂದು ಸಂಬೋಧಿಸಿಬಿಡುತ್ತದೆ. ಊರಿನಲ್ಲಿ ‘ಹೆಗಡೇರು’, ‘ಭಟ್ಟರು’, ‘ಗೌಡರು’, ‘ಅಕ್ಕ’ ಎಂದು ಕರೆಯಿಸಿಕೊಳ್ಳುವವರು ಫಲಕದಲ್ಲಿ ಬರಿಯ ಮೊದಲ ಹೆಸರಿನಿಂದ ಕಾಣುವುದನ್ನು ಎಲ್ಲರೂ ಒಪ್ಪುವುದಿಲ್ಲ. ಸಿದ್ಧ ವಾಕ್ಯಗಳನ್ನು ಸಂಸ್ಥೆಯೇ ತಿದ್ದಿಕೊಳ್ಳುವ ಹಾಗೂ ಕರೆಯುವ ಹೆಸರನ್ನು ಬೇರೆಯಾಗಿ ದಾಖಲಿಸುವ ಅವಕಾಶವಿದ್ದರೆ ಇದು ಪರಿಹಾರವಾಗುತ್ತದೆ.

ವೆಚ್ಚ

ಶುಲ್ಕವನ್ನು ಸಾಮಾನ್ಯವಾಗಿ ಒಬ್ಬ ನೌಕರನಿಗೆ ತಿಂಗಳಿಗೆ ಇಷ್ಟು ಎಂದು ನಿಗದಿಪಡಿಸಲಾಗುತ್ತದೆ. ಕೆಲವರು ಶುಲ್ಕ ಕಡಿಮೆಯಿಟ್ಟು ಉಡುಗೊರೆ ಚೀಟಿಗಳ ಮಾರಾಟದಲ್ಲಿ ಲಾಭ ಪಡೆಯುತ್ತಾರೆ. ಸಣ್ಣ ಸಂಸ್ಥೆಯ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. 40 ಜನರ ಸಂಘಕ್ಕೆ ತಲಾ 100 ರೂಪಾಯಿ ಮಾಸಿಕ ಶುಲ್ಕವೆಂದು ಇಟ್ಟುಕೊಂಡರೆ ವರ್ಷಕ್ಕೆ 48,000 ರೂಪಾಯಿ, ಶೇ. 18 ಸರಕು ಮತ್ತು ಸೇವಾ ತೆರಿಗೆ ಸೇರಿ 56,640 ರೂಪಾಯಿ ಆಗುತ್ತದೆ. ಅದೇ ಸಂಘ ಪ್ರತಿ ನೌಕರನ ಬಹುಮಾನಕ್ಕೆ ವರ್ಷಕ್ಕೆ 1,200 ರೂಪಾಯಿ ತೆಗೆದಿಟ್ಟಿದ್ದರೆ ಬಹುಮಾನದ ಒಟ್ಟು ಮೊತ್ತ 48,000. ಅಂದರೆ ಹಂಚುವ ಸಾಧನಕ್ಕೆ ಹಂಚುವ ಬಹುಮಾನಕ್ಕಿಂತ ಹೆಚ್ಚು ಖರ್ಚಾಯಿತು. ಇಂಥ ಸ್ಥಿತಿಯಲ್ಲಿ ಒಂದು ದಾಖಲೆ ಪುಸ್ತಕ ಅಥವಾ ಗಣಕದ ಸಾಮಾನ್ಯ ಲೆಕ್ಕದ ಹಾಳೆ, ತಿಂಗಳ ಸಭೆಯಲ್ಲಿ ಐದು ನಿಮಿಷ, ಇಷ್ಟೇ ಸಾಕಾಗಬಹುದು. ಹಲವು ಶಾಖೆ, ನೂರಾರು ನೌಕರರಿದ್ದು ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣದಿರುವ ಸಂಸ್ಥೆಗಳಲ್ಲಿ ತಂತ್ರಾಂಶದ ಉಪಯೋಗ ನಿಜವಾಗಿ ಆರಂಭವಾಗುತ್ತದೆ.

ಅಂಕಗಳ ಹಣವನ್ನು ಯಾವಾಗ ಪಾವತಿಸಬೇಕು ಎಂಬುದೂ ಮುಖ್ಯ. ಅಂಕ ಕೊಟ್ಟ ಕೂಡಲೇ ಹಣ ಕೇಳುವ ಮಾರಾಟಗಾರರ ವ್ಯವಸ್ಥೆಯಲ್ಲಿ, ನೌಕರರು ಬಳಸದೆ ಬಿಟ್ಟ ಅಂಕಗಳ ಮೊತ್ತ ಅವಧಿ ಮುಗಿದ ಮೇಲೆ ಮಾರಾಟಗಾರರಲ್ಲಿಯೇ ಉಳಿಯಬಹುದು. ಅಂಕವನ್ನು ಬದಲಿಸಿಕೊಂಡಾಗ ಮಾತ್ರ ಹಣ ಪಡೆಯುವ ಒಪ್ಪಂದ ಸಣ್ಣ ಸಂಸ್ಥೆಗೆ ಅನುಕೂಲ.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಅಡಿಯಲ್ಲಿ ಪ್ರತಿ ಸಂಘದ ಲೆಕ್ಕಗಳೂ ವಾರ್ಷಿಕ ಲೆಕ್ಕಪರಿಶೋಧನೆಗೆ ಒಳಪಡುತ್ತವೆ. ಆದುದರಿಂದ ತಂತ್ರಾಂಶದ ವೆಚ್ಚಕ್ಕೂ ಬಹುಮಾನದ ನಿಯಮಗಳಿಗೂ ಆಡಳಿತ ಮಂಡಳಿಯ ಠರಾವು ಇರಬೇಕು. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ದಿನಾಂಕಸಹಿತ ವರದಿ ಲೆಕ್ಕಪರಿಶೋಧಕರ ಕೈಗೆ ಸಿಗುವಂತಿರಬೇಕು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಅನುಮೋದಿಸಿದ್ದು, 63,000 ಸಂಘಗಳನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರುವುದು ಅದರ ಆಗಿನ ಉದ್ದೇಶವಾಗಿತ್ತು. ಸಂಘದ ಮೂಲ ಲೆಕ್ಕ ಅಲ್ಲಿರುವಾಗ ಮನ್ನಣೆಯ ತಂತ್ರಾಂಶವು ಕನಿಷ್ಠಪಕ್ಷ ತನ್ನ ವರದಿಯನ್ನು ಲೆಕ್ಕದ ಹಾಳೆಯಾಗಿ ಹೊರತೆಗೆಯಲು ಬಿಡಬೇಕು.

ಬಹುಮಾನದ ರೂಪ

ಸಿದ್ಧ ಪಟ್ಟಿಗಳಲ್ಲಿ ನಗರದ ಹೋಟೆಲು, ಚಿತ್ರಮಂದಿರ, ಬಾಡಿಗೆ ಕಾರುಗಳ ಚೀಟಿಗಳೇ ತುಂಬಿರುತ್ತವೆ. ಕಾಡಿನಂಚಿನ ಊರಿನವರಿಗೆ ಅವು ಕೇವಲ ಓದಲಿಕ್ಕೆ. ಆನ್‌ಲೈನ್ ಅಂಗಡಿಗಳ ಚೀಟಿ ಪ್ರಯೋಜನಕ್ಕೆ ಬರಬೇಕಾದರೆ ಆ ಊರಿನ ಪಿನ್‌ಕೋಡಿಗೆ ಸಾಮಾನು ತಲುಪಿಸುವ ವ್ಯವಸ್ಥೆ ಇರಬೇಕು. ಇದನ್ನು ಪರೀಕ್ಷಿಸದೆ ಒಪ್ಪಂದ ಮಾಡಿಕೊಳ್ಳಬಾರದು.

ಭಾರತೀಯ ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನಗಳ ಪ್ರಕಾರ ಉಡುಗೊರೆ ಕಾರ್ಡಿನ ಮೊತ್ತ 10,000 ರೂಪಾಯಿ ಮೀರುವಂತಿಲ್ಲ, ಅದಕ್ಕೆ ಮತ್ತೆ ಹಣ ತುಂಬುವಂತಿಲ್ಲ, ಅದರಿಂದ ನಗದು ತೆಗೆಯುವಂತಿಲ್ಲ, ಕನಿಷ್ಠ ಒಂದು ವರ್ಷ ಅದು ಚಾಲ್ತಿಯಲ್ಲಿರಬೇಕು. ಆದರೆ ಒಂದು ಸಂಸ್ಥೆ ತನ್ನಲ್ಲಿಯೇ ಸರಕು ಕೊಳ್ಳಲು ಮಾತ್ರ ಕೊಡುವ ಚೀಟಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಕಿರಾಣಿ ವಿಭಾಗವನ್ನೋ ಸೂಪರ್ ಮಾರ್ಕೆಟ್ಟನ್ನೋ ಸ್ವತಃ ನಡೆಸುವ ಸಹಕಾರಿ ಸಂಘಗಳಿಗೆ ಇದರಿಂದ ಒಂದು ಸುಲಭ ದಾರಿ ದೊರೆಯುತ್ತದೆ: ಅಂಕಗಳನ್ನು ತನ್ನದೇ ಅಂಗಡಿಯ ಚೀಟಿಯಾಗಿ ಬದಲಿಸುವುದು. ಹಣ ಸಂಘದಲ್ಲಿಯೇ ತಿರುಗುತ್ತದೆ, ನೌಕರರಿಗೆ ಹಬ್ಬದ ಸಾಮಾನು ಸಿಗುತ್ತದೆ. ಸ್ವಂತ ಚೀಟಿಗಳನ್ನು ಪಟ್ಟಿಗೆ ಸೇರಿಸಲು ತಂತ್ರಾಂಶ ಅವಕಾಶ ಕೊಡಬೇಕಷ್ಟೆ. ರಜೆ, ಮಕ್ಕಳ ಶಾಲೆಯ ಪುಸ್ತಕ, ಅಡಿಕೆ ಕೊಯ್ಲಿನ ದಿನಗಳಲ್ಲಿ ಕೆಲಸದ ಪಾಳಿ ಬದಲಿಸಿಕೊಳ್ಳುವ ಅವಕಾಶ ಇವುಗಳನ್ನೂ ಬಹುಮಾನವಾಗಿ ಇಡಬಹುದು. ಸ್ವಂತ ತೋಟವಿರುವ ನೌಕರರಿಗೆ ಕೊಯ್ಲಿನ ಕಾಲದ ಎರಡು ದಿನದ ರಜೆ ಯಾವ ಚೀಟಿಗಿಂತಲೂ ಬೆಲೆಯುಳ್ಳದ್ದು.

ತೆರಿಗೆ ಮತ್ತು ಖಾಸಗಿತನ

1962ರ ಆದಾಯ ತೆರಿಗೆ ನಿಯಮಗಳಂತೆ ಉದ್ಯೋಗದಾತರು ವರ್ಷದಲ್ಲಿ ಕೊಡುವ ಉಡುಗೊರೆ ಅಥವಾ ಚೀಟಿಗಳ ಒಟ್ಟು ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದನ್ನು ನೌಕರರ ತೆರಿಗೆಗೊಳಪಡುವ ಸೌಲಭ್ಯವೆಂದು ಎಣಿಸುತ್ತಿರಲಿಲ್ಲ. ನಗದಾಗಿ ಕೊಟ್ಟದ್ದಕ್ಕೆ ಈ ವಿನಾಯಿತಿ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ ಆಯಾ ವರ್ಷದ ಮಿತಿಯನ್ನು ಲೆಕ್ಕಿಗರಿಂದ ಖಚಿತಪಡಿಸಿಕೊಂಡು ತಂತ್ರಾಂಶದಲ್ಲಿ ನಮೂದಿಸಬೇಕು. ಸರಕು ಮತ್ತು ಸೇವಾ ತೆರಿಗೆಯ ಕಾಯ್ದೆಯಲ್ಲಿ ಒಬ್ಬ ನೌಕರನಿಗೆ ಒಂದು ಹಣಕಾಸು ವರ್ಷದಲ್ಲಿ 50,000 ರೂಪಾಯಿ ಮೀರದ ಉಡುಗೊರೆಯನ್ನು ಪೂರೈಕೆಯೆಂದು ಪರಿಗಣಿಸುವುದಿಲ್ಲ. ಪಿಗ್ಮಿ ಸಂಗ್ರಾಹಕರು ಕಮಿಷನ್ ಆಧಾರದವರಾಗಿದ್ದರೆ ಅವರ ಬಹುಮಾನದ ತೆರಿಗೆ ಲೆಕ್ಕ ನೌಕರರ ಲೆಕ್ಕಕ್ಕಿಂತ ಬೇರೆಯಾಗುತ್ತದೆ ಎಂಬುದು ಹಲವೆಡೆ ಮರೆತುಹೋಗುವ ಸಂಗತಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿಯ ಬಳಕೆಯ ಕುರಿತ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದು ಹೇಳುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ಹುಟ್ಟಿದ ದಿನ, ಫೋನ್ ಸಂಖ್ಯೆ, ಮದುವೆಯ ವಾರ್ಷಿಕೋತ್ಸವ ಮುಂತಾದವನ್ನು ತಂತ್ರಾಂಶಗಳು ಸುಲಭವಾಗಿ ಕೇಳುತ್ತವೆ. ಮನ್ನಣೆಗೆ ಬೇಕಿರುವುದು ಹೆಸರು, ಕೆಲಸ, ಸೇರಿದ ದಿನಾಂಕ ಇಷ್ಟೇ.

ಅಧ್ಯಯನಗಳು ಮತ್ತು ಆಕ್ಷೇಪಗಳು

ಹೊರಗಿನ ಬಹುಮಾನವು ಕೆಲಸದ ಒಳಗಿನ ಆಸಕ್ತಿಯನ್ನು ಕುಗ್ಗಿಸಬಹುದೆಂಬ ವಾದಕ್ಕೆ ಮನೋವಿಜ್ಞಾನಿ ಎಡ್ವರ್ಡ್ ಡೇಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗಗಳು ತಳಹದಿಯಾದವು. ತಿಮೊಥಿ ಗಬ್ಲರ್, ಇಯಾನ್ ಲಾರ್ಕಿನ್ ಮತ್ತು ಲಾಮರ್ ಪಿಯರ್ಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನವು ಕೈಗಾರಿಕಾ ಲಾಂಡ್ರಿ ಘಟಕವೊಂದರ ಹಾಜರಾತಿ ಬಹುಮಾನವನ್ನು ಪರಿಶೀಲಿಸಿತು. ಬಹುಮಾನದ ಆಸೆ ಇರುವತನಕ ಸಮಯಪಾಲನೆ ಸುಧಾರಿಸಿದರೂ, ಅವಕಾಶ ತಪ್ಪಿದ ಕೂಡಲೇ ಹಳೆಯ ರೂಢಿ ಮರಳಿತು. ಮೊದಲಿನಿಂದಲೂ ಸಮಯಕ್ಕೆ ಬರುತ್ತಿದ್ದ ನೌಕರರ ದಕ್ಷತೆ ಇಳಿಯಿತು. ತಾವು ಹೇಗೂ ಮಾಡುತ್ತಿದ್ದ ಕೆಲಸಕ್ಕೆ ಇತರರಿಗೆ ಬಹುಮಾನ ಬಂದುದು ಅವರಿಗೆ ಅನ್ಯಾಯವಾಗಿ ಕಂಡಿತೆಂಬುದು ಸಂಶೋಧಕರ ವಿವರಣೆ. ಅದೇ ವರ್ಷ ಕ್ರಿಸ್ಟಿಯಾನೆ ಬ್ರಾಡ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಹಣವಿಲ್ಲದ, ಬರಿಯ ಕೃತಜ್ಞತಾ ಪತ್ರದ ಮನ್ನಣೆಯಿಂದ ಕೆಲಸದ ಪ್ರಮಾಣ ಹೆಚ್ಚಿತು. ಹೆಚ್ಚಳ ಕಂಡದ್ದು ಮುಖ್ಯವಾಗಿ ಪತ್ರ ಪಡೆಯದವರಲ್ಲಿ. ಈ ಎರಡೂ ಫಲಿತಾಂಶಗಳು ಒಂದೇ ಕಡೆ ಬೆರಳು ತೋರುತ್ತವೆ: ಬಹುಮಾನ ಪಡೆಯದವರು ಅದನ್ನು ಹೇಗೆ ನೋಡುತ್ತಾರೆ ಎಂಬುದು ಪಡೆದವರ ಸಂತೋಷದಷ್ಟೇ ಮುಖ್ಯ.

ಯಾರು ಹೆಚ್ಚು ಅಂಕ ಗಳಿಸಿದರೆಂದು ಕ್ರಮಾಂಕದಲ್ಲಿ ತೋರಿಸುವ ಫಲಕದ ಮೇಲೂ ಆಕ್ಷೇಪಗಳಿವೆ. ಎಣಿಸಲು ಬರುವ ಕೆಲಸಗಳಿಗೆ ಅಂಕ ಬೀಳುತ್ತದೆ. ಸಾಲ ವಸೂಲಿಯ ಸಂಖ್ಯೆ ಕಾಣುತ್ತದೆ, ಸಾಲ ಕಟ್ಟಲಾಗದೆ ಬಂದ ಬೆಳೆಗಾರರ ಮಾತನ್ನು ತಾಳ್ಮೆಯಿಂದ ಕೇಳಿದ ಗುಮಾಸ್ತರ ಅರ್ಧ ಗಂಟೆ ಕಾಣುವುದಿಲ್ಲ. ಸಣ್ಣ ಊರಿನಲ್ಲಿ ನೌಕರರೂ ಆಡಳಿತ ಮಂಡಳಿಯವರೂ ಒಂದಲ್ಲ ಒಂದು ರೀತಿಯಲ್ಲಿ ನೆಂಟರು, ನೆರೆಯವರು, ಒಂದೇ ಸಂಘದ ಸದಸ್ಯರು. ಪರಸ್ಪರ ಅಂಕ ಕೊಟ್ಟುಕೊಳ್ಳುವ ವ್ಯವಸ್ಥೆ ಅಲ್ಲಿ ಬೇಗನೆ ಮುಯ್ಯಿಯಂತಾಗಬಹುದು. ಕೊಟ್ಟವರಿಗೆ ತಿರುಗಿ ಕೊಡಲೇಬೇಕಾಗುತ್ತದೆ. ಮನ್ನಣೆಯನ್ನು ಎಲ್ಲರಿಗೂ ತೆರೆದು, ಹಣದ ಬಹುಮಾನವನ್ನು ಮಾತ್ರ ಬರೆದಿಟ್ಟ ಮಾನದಂಡಕ್ಕೂ ಸಮಿತಿಯ ನಿರ್ಧಾರಕ್ಕೂ ಬಿಡುವುದು ಇದಕ್ಕೆ ಒಂದು ಪರಿಹಾರ. ಸಂಬಂಧಿಕರ ವಿಷಯ ಬಂದಾಗ ಸಮಿತಿಯ ಸದಸ್ಯರು ಹೊರಗುಳಿಯುವ ನಿಯಮವೂ ಅದರ ಜೊತೆಗಿರಬೇಕು.

ಪ್ರಯೋಗ ಮತ್ತು ಒಪ್ಪಂದ

ತಂತ್ರಾಂಶವನ್ನು ಕೊಳ್ಳುವ ಮೊದಲು ಎರಡು ಮೂರು ತಿಂಗಳು ಕಾಗದದ ಮೇಲೆ ಅದೇ ನಿಯಮಗಳನ್ನು ನಡೆಸಿ ನೋಡುವುದರಿಂದ ನಿಯಮದ ದೋಷ ಮತ್ತು ತಂತ್ರಾಂಶದ ದೋಷಗಳನ್ನು ಬೇರ್ಪಡಿಸಬಹುದು. ಬಳಿಕದ ಪ್ರಯೋಗವನ್ನು ಕಚೇರಿಯ ಗುಮಾಸ್ತರಿಂದಲ್ಲ, ಗೋದಾಮು ಅಥವಾ ಮಾರಾಟ ವಿಭಾಗದಿಂದ ಆರಂಭಿಸುವುದು ಮೇಲು. ಅಲ್ಲಿ ನಡೆದರೆ ಕಚೇರಿಯಲ್ಲಿ ನಡೆಯುವುದು ಕಷ್ಟವಲ್ಲ. ಸಂಪರ್ಕ ಸುಗಮವಾಗಿರುವ ಬೇಸಿಗೆಯ ತಿಂಗಳುಗಳ ಪ್ರಯೋಗ ಮಳೆಗಾಲದ ಸ್ಥಿತಿಯನ್ನು ತಿಳಿಸುವುದಿಲ್ಲವಾದ್ದರಿಂದ ಜೂನ್, ಜುಲೈ ಒಳಗೊಳ್ಳುವಂತೆ ಅವಧಿಯನ್ನು ಇಟ್ಟುಕೊಳ್ಳಬಹುದು. ಒಳಬಂದು ಬಳಸಿದವರ ಸಂಖ್ಯೆಯನ್ನು ಮಾರಾಟಗಾರರು ಯಶಸ್ಸಿನ ಲೆಕ್ಕವಾಗಿ ತೋರಿಸುತ್ತಾರೆ. ಪ್ರಯೋಗದ ಅವಧಿಯಲ್ಲಿ ಒಮ್ಮೆಯೂ ಹೆಸರು ಬಾರದವರು ಯಾರು, ಅವರ ಕೆಲಸವೇನು ಎಂಬ ಪಟ್ಟಿಯನ್ನು ತಂತ್ರಾಂಶ ಕೊಡಬಲ್ಲದೇ ಎಂದು ಸಂಸ್ಥೆ ಕೇಳಬೇಕು.

ಒಪ್ಪಂದದಲ್ಲಿ ಕನ್ನಡದಲ್ಲಿ ಮಾತನಾಡಬಲ್ಲ ಸಹಾಯವಾಣಿ, ಶುಲ್ಕ ಏರಿಕೆಯ ಮಿತಿ, ನೌಕರರ ಸಂಖ್ಯೆ ಋತುವಿಗೆ ತಕ್ಕಂತೆ ಏರಿಳಿದಾಗ ಶುಲ್ಕ ಬದಲಾಗುವ ಬಗೆ ಇವುಗಳನ್ನು ನಮೂದಿಸಿಕೊಳ್ಳಬೇಕು. ಒಪ್ಪಂದ ಮುಗಿದಾಗ ನೌಕರರ ಬಳಸದ ಅಂಕಗಳಿಗೆ ಎಷ್ಟು ದಿನ ಬೆಲೆಯಿರುತ್ತದೆ, ಅಲ್ಲಿಯವರೆಗೆ ಬರೆದ ಮೆಚ್ಚುಗೆಯ ಮಾತುಗಳು ಯೂನಿಕೋಡ್ ಕನ್ನಡದಲ್ಲಿ ಸಂಸ್ಥೆಗೆ ಮರಳಿ ಸಿಗುತ್ತವೆಯೇ ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಹಾಗೆ ಮರಳಿ ಸಿಕ್ಕ ಬರಹಗಳು ನಿವೃತ್ತಿಯ ದಿನ ಬಿನ್ನವತ್ತಳೆ ಬರೆಯುವವರಿಗೆ ಉಪಯೋಗಕ್ಕೆ ಬರುತ್ತವೆ.